ಯಾವ ಕಾರು, ಯಾವ ದಿನದ ಕಾರು? ರೇಸ್ ಕಾರಿನ ಕಿಟ್ ಅಳೆಯುವ ಮುನ್ನ

ಪ್ರಶ್ನೆ: 1/20 ಸ್ಕೇಲಿನ ಮೆಕ್ಲಾರೆನ್ ಎಂ23 (ಜೇಮ್ಸ್ ಹಂಟ್ 1976ರಲ್ಲಿ ಓಡಿಸಿದ ಫಾರ್ಮುಲಾ ಒನ್ ಕಾರು) ಮತ್ತು 1/24 ಸ್ಕೇಲಿನ ಪೋರ್ಷೆ 917ಕೆ ಪ್ಲಾಸ್ಟಿಕ್ ಮಾಡೆಲ್ ಕಿಟ್‌ಗಳನ್ನು ತರಿಸಿಕೊಂಡಿದ್ದೇನೆ. ಕಟ್ಟುವ ಮೊದಲು ವರ್ನಿಯರ್ ಹಿಡಿದು ಅಳೆದೆ. ಎಂ23ರ ಮುಂದಿನ ರಿಮ್ 13 ಇಂಚಿನದು ಅನ್ನುತ್ತಾರೆ. ಹಾಗಿದ್ದರೆ 1/20ರಲ್ಲಿ 16.5 ಮಿ.ಮೀ. ಬರಬೇಕು, ಕಿಟ್‌ನಲ್ಲಿ 18 ಮಿ.ಮೀ. ಇದೆ. 917ರ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಅರ್ಧ ಮಿ.ಮೀ. ಕಡಿಮೆ. ಮ್ಯೂಸಿಯಂ ಫೋಟೋಗಳ ಪಕ್ಕ ಇಟ್ಟು ನೋಡಿದರೆ ಹಿಂಭಾಗವೂ ಬೇರೆ ಥರ ಕಾಣುತ್ತದೆ. ಕಿಟ್‌ಗಳೇ ತಪ್ಪೇ? ತಿದ್ದಿ ಕಟ್ಟಲೇ, ಇದ್ದ ಹಾಗೆ ಕಟ್ಟಲೇ?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ರಿಮ್‌ನಿಂದಲೇ ಶುರು ಮಾಡೋಣ. ಅಲ್ಲಿ ಕಿಟ್ ಸರಿಯಾಗಿದೆ, ನಿಮ್ಮ ಲೆಕ್ಕ ತಪ್ಪಿದೆ. 13 ಇಂಚು ಎನ್ನುವುದು ಟೈರಿನ ಒಳ ಅಂಚು ಕೂರುವ ಜಾಗದ ವ್ಯಾಸ. ಅದರಾಚೆಗೆ ಟೈರು ಜಾರದಂತೆ ತಡೆಯುವ ಏಣು ಇರುತ್ತದೆ, ಎರಡೂ ಕಡೆ ಸುಮಾರು 17 ಮಿ.ಮೀ. ಎತ್ತರದ್ದು. 330ಕ್ಕೆ ಅದನ್ನು ಕೂಡಿಸಿದರೆ ಹೊರಗಿನಿಂದ ಅಳೆಯುವ ವ್ಯಾಸ 365 ಮಿ.ಮೀ. ಹತ್ತಿರ ಬರುತ್ತದೆ, 20ರಿಂದ ಭಾಗಿಸಿದರೆ 18.2. ಕಣ್ಣಿಗೆ ಕಾಣುವುದೂ, ವರ್ನಿಯರಿನ ದವಡೆಗೆ ಸಿಗುವುದೂ ಈ ಹೊರ ವ್ಯಾಸವೇ. ಕಿಟ್‌ನ ರಿಮ್ ದೊಡ್ಡದಾಯಿತು ಎಂದು ಲೇತ್‌ನಲ್ಲಿ ಸಣ್ಣದು ಮಾಡಿಸಿ, ಆಮೇಲೆ ಟೈರು ಸಡಿಲವಾಯಿತೆಂದು ಗೊಣಗಿದವರು ಇದ್ದಾರೆ. ನೀವು ಕೈ ಹಚ್ಚುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

917ರ ಅರ್ಧ ಮಿಲಿಮೀಟರಿನ ಕಥೆ ಬೇರೆ. ಮೂಲ ಕಾರಿನ ವೀಲ್‌ಬೇಸ್ 2300 ಮಿ.ಮೀ., 1/24ಕ್ಕೆ ಇಳಿಸಿದರೆ 95.8. ಕಿಟ್‌ನ ಪ್ಲಾಸ್ಟಿಕ್, ಅಂದರೆ ಪಾಲಿಸ್ಟೈರೀನ್, ಅಚ್ಚಿನೊಳಗೆ ತಣಿಯುವಾಗ ಹೆಚ್ಚುಕಡಿಮೆ ಅರ್ಧ ಪ್ರತಿಶತ ಕುಗ್ಗುತ್ತದೆ. ಅಚ್ಚು ಕಡೆಯುವವರು ಅಷ್ಟನ್ನು ಮೊದಲೇ ಸೇರಿಸಿಕೊಂಡಿರುತ್ತಾರೆ ನಿಜ, ಆದರೆ ಗೋಡೆಯ ದಪ್ಪ ಬದಲಾದಲ್ಲೆಲ್ಲ ಕುಗ್ಗುವಿಕೆಯೂ ಬದಲಾಗುತ್ತದೆ. 95.8ರ ಅರ್ಧ ಪ್ರತಿಶತ ಅಂದರೆ ನಿಮ್ಮ ಅದೇ ಅರ್ಧ ಮಿ.ಮೀ. ಜೊತೆಗೆ, ಅಂಟು ಹಾಕದೆ ಬರೀ ಸಿಕ್ಕಿಸಿಟ್ಟ ಆಕ್ಸಲ್ ಆ ಕಡೆ ಈ ಕಡೆ ಅಲ್ಲಾಡುತ್ತದೆ. ಮೂರು ಸಲ ಅಳೆದು ನೋಡಿ, ಮೂರು ಅಂಕಿ ಬಂದಾವು. ವೀಲ್‌ಬೇಸ್ ಮೂರ್ನಾಲ್ಕು ಮಿ.ಮೀ. ತಪ್ಪಿದ್ದರೆ ಮಾತ್ರ ಅನುಮಾನ ಪಡಿ. ಆಗ ಪೆಟ್ಟಿಗೆಯ ಮೇಲೆ ಬರೆದ ಸ್ಕೇಲೇ ನಿಜವಲ್ಲದಿರಬಹುದು. 1/25ರಲ್ಲಿ ಇದೇ ಕಾರು 92 ಮಿ.ಮೀ.ಗೆ ಬರುತ್ತದೆ. ಅಮೆರಿಕದ ಕಿಟ್‌ಗಳಲ್ಲಿ 1/25 ತುಂಬಾ ಹಳೆಯ ರೂಢಿ, ಕಪಾಟಿನಲ್ಲಿ 1/24ರ ಪಕ್ಕ ಕೂತರೆ ಥಟ್ಟನೆ ಗೊತ್ತಾಗುವುದಿಲ್ಲ.

ಇಷ್ಟು ಅಂಕಿಗಳ ಮಾತಾಯಿತು. ನಿಮ್ಮ ಮೂರನೆಯ ಅನುಮಾನ, ಅಂದರೆ ಮ್ಯೂಸಿಯಂ ಫೋಟೋಗೂ ಕಿಟ್‌ಗೂ ಹೊಂದದಿರುವುದು, ನಿಜವಾಗಿ ಮುಖ್ಯವಾದದ್ದು. ಅದಕ್ಕೆ ಉತ್ತರ ಕೊಡಬೇಕಾದರೆ ನಾನೇ ನಿಮಗೊಂದು ಪ್ರಶ್ನೆ ಹಾಕಬೇಕು: ನೀವು ಕಟ್ಟುತ್ತಿರುವುದು ಯಾವ 917, ಯಾವ ದಿನದ 917?

1969ರ ಏಪ್ರಿಲ್‌ನಲ್ಲಿ ಮೋಟಾರ್ ರೇಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ಪರೀಕ್ಷಕರ ಮುಂದೆ ಪೋರ್ಷೆ 25 ಕಾರುಗಳನ್ನು ಸಾಲಾಗಿ ನಿಲ್ಲಿಸಿತು. ಅವುಗಳ ಬಾಲ ನಿಮ್ಮ ಕಿಟ್‌ನ ಬಾಲವಲ್ಲ. ಆ ರೂಪದಲ್ಲಿ ಕಾರು ವೇಗಕ್ಕೆ ಬಂದರೆ ನೆಟ್ಟಗೆ ಓಡುತ್ತಿರಲಿಲ್ಲ, ಚಾಲಕರೇ ಹೆದರುತ್ತಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದ ಜೆಲ್ಟ್‌ವೆಗ್‌ನಲ್ಲಿ ಪರೀಕ್ಷೆ ನಡೆಯುವಾಗ ಜಾನ್ ವೈಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ಒಂದು ಸಂಗತಿ ಗಮನಿಸಿದರು. ಮೂತಿಯ ಮೇಲೆಲ್ಲ ಹುಳುಹುಪ್ಪಟೆ ಅಪ್ಪಚ್ಚಿಯಾಗಿ ಅಂಟಿದ್ದರೂ ಹಿಂದಿನ ಸ್ಪಾಯ್ಲರಿನ ಮೇಲೆ ಒಂದೂ ಇರಲಿಲ್ಲ. ಗಾಳಿ ಅಲ್ಲಿಗೆ ಮುಟ್ಟುತ್ತಲೇ ಇಲ್ಲ ಎಂದಾಯಿತು. ಅಲ್ಲೇ ಅಲ್ಯುಮಿನಿಯಂ ತಗಡು ಕತ್ತರಿಸಿ, ಟೇಪು ಸುತ್ತಿ, ಬಾಲವನ್ನು ಮೇಲಕ್ಕೆತ್ತಿದರು. ಕಾರು ನೆಟ್ಟಗೆ ಓಡತೊಡಗಿತು. ನಿಮ್ಮ ಪೆಟ್ಟಿಗೆಯ ಮೇಲಿರುವ ಗಿಡ್ಡ ಬಾಲದ ‘ಕೆ’ ಹುಟ್ಟಿದ್ದು ಹೀಗೆ.

‘ಕೆ’ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. 1970ರ ಡೇಟೋನಾ 24 ಗಂಟೆ ಓಟದಲ್ಲಿ ಗಲ್ಫ್ ಕಾರುಗಳ (ಅದೇ ಜಾನ್ ವೈಯರ್ ತಂಡದವು) ಛಾವಣಿಯಲ್ಲಿ ಒಂದು ಕಿಂಡಿ ಇತ್ತು, ಅಲ್ಲಿನ ಓರೆಯಾಗಿ ಎದ್ದ ತಿರುವು ಚಾಲಕನಿಗೆ ಕಾಣಲೆಂದು. ಬೇರೆ ಓಟಗಳಿಗೆ ಅದು ಬೇಕಿಲ್ಲ. 1971ರ ಹೊತ್ತಿಗೆ ಬಾಲದ ಮೇಲೆ ನಿಂತ ರೆಕ್ಕೆಗಳು ಬಂದವು. 1970ರ ಕಾರಿಗೆ ಅವನ್ನು ಅಂಟಿಸಿದರೆ ತಪ್ಪು, 1971ರ ಲೆ ಮಾನ್ (ಫ್ರಾನ್ಸಿನ 24 ಗಂಟೆ ಓಟ) ಗೆದ್ದ ಮಾರ್ಕೊ–ವಾನ್ ಲೆನೆಪ್ ಕಾರಿಗೆ ಬಿಟ್ಟರೆ ತಪ್ಪು. ಒಂದೇ ಅಚ್ಚಿನಲ್ಲಿ ಇಷ್ಟೂ ರೂಪಗಳನ್ನು ತುಂಬಲು ಕಂಪನಿಗಳು ಹೋದಾಗ ಪೆಟ್ಟಿಗೆಯಲ್ಲಿ ಎರಡೆರಡು ಭಾಗ ಇಟ್ಟು ಒಂದನ್ನು ನಿಮ್ಮ ಆಯ್ಕೆಗೆ ಬಿಡುತ್ತವೆ, ಇಲ್ಲವೇ ಡಿಕಾಲ್ (ಮೈಮೇಲೆ ಅಂಟಿಸುವ ಸಂಖ್ಯೆ, ಹೆಸರುಗಳ ಅಚ್ಚು) ಬದಲಾಯಿಸಿ ಬಾಡಿಯನ್ನು ಹಾಗೇ ಮಾರುತ್ತವೆ. ಎರಡನೆಯದೇ ಹೆಚ್ಚು.

ಇನ್ನು ಮ್ಯೂಸಿಯಂ ಫೋಟೋ. 1970ರ ಲೆ ಮಾನ್ ಗೆದ್ದದ್ದು ಕೆಂಪು–ಬಿಳಿ ಬಣ್ಣದ, 23ನೇ ಸಂಖ್ಯೆಯ, ಜಾಲ್ಸ್‌ಬರ್ಗ್ ತಂಡದ ಕಾರು. ಓಡಿಸಿದವರು ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಆಟ್‌ವುಡ್. ಅದರ ಷಾಸಿ 917-023. ಆದರೆ ಪೋರ್ಷೆಯವರು ವರ್ಷಗಟ್ಟಲೆ ಆ ಬಣ್ಣದಲ್ಲಿ ಪ್ರದರ್ಶನಕ್ಕಿಟ್ಟ ಕಾರು 917-001, ಅಂದರೆ 1969ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಮೇಳದಲ್ಲಿ ಮೊದಲ ಬಾರಿಗೆ ತೋರಿಸಿದ ಕಾರೇ. ಗೆದ್ದ ಕಾರಿನ ವೇಷ ಹಾಕಿ ನಿಲ್ಲಿಸಿದ್ದರು. 2019ರಲ್ಲಿ, ಐವತ್ತು ವರ್ಷ ತುಂಬಿದಾಗ, ಅದನ್ನು ಮತ್ತೆ ಹುಟ್ಟುರೂಪಕ್ಕೆ ತಂದರು. ನಡುವಿನ ದಶಕಗಳಲ್ಲಿ ಆ ಕಾರನ್ನು ಸುತ್ತಿ ಫೋಟೋ ತೆಗೆದವರು ಎಷ್ಟು ಜನವೋ! ಆ ಫೋಟೋಗಳೆಲ್ಲ ಇವತ್ತೂ ‘1970ರ ವಿಜೇತ ಕಾರು’ ಎಂಬ ಹೆಸರಿನಲ್ಲೇ ಓಡಾಡುತ್ತಿವೆ. ನೀವು ಹೋಲಿಸಿದ ಚಿತ್ರ ಅಂಥದ್ದಾಗಿದ್ದರೆ ಕಿಟ್ ಮೇಲೆ ತಪ್ಪು ಹೊರಿಸುವಂತಿಲ್ಲ.

ವೇಷ ಹಾಕದ, ನಿಜವಾಗಿ ಓಡಿದ ಕಾರುಗಳೂ ಇಂದು ಅಂದಿನಂತಿಲ್ಲ. ಹಳೆಯ ಕಾರುಗಳ ರೇಸಿನಲ್ಲಿ ಪಾಲ್ಗೊಳ್ಳಬೇಕಾದರೆ ಈಗಿನ ಸುರಕ್ಷತಾ ನಿಯಮ ಪಾಲಿಸಬೇಕು. ರೋಲ್‌ಬಾರ್ ಎತ್ತರವಾಗುತ್ತದೆ, ಸೀಟ್‌ಬೆಲ್ಟ್ ಹೊಸದಾಗುತ್ತದೆ, ಬೆಂಕಿ ಆರಿಸುವ ಸಿಲಿಂಡರ್ ಬರುತ್ತದೆ, ಕರಿ ರಬ್ಬರ್ ಕೊಳವೆ ಇದ್ದಲ್ಲಿ ಹೊಳೆಯುವ ಉಕ್ಕಿನ ಹೆಣಿಗೆಯದು ಕೂರುತ್ತದೆ. ಈಚಿನ ಕಿಟ್‌ಗಳನ್ನು ‘ಮೂಲ ಕಾರನ್ನೇ ತ್ರೀಡಿ ಸ್ಕ್ಯಾನ್ ಮಾಡಿ ತಯಾರಿಸಿದ್ದು’ ಎಂದು ಜಾಹೀರಾತು ಮಾಡುತ್ತಾರಲ್ಲ, ಅದನ್ನು ಓದುವಾಗ ಇದು ನೆನಪಿರಲಿ. ಸ್ಕ್ಯಾನರ್ ಎದುರಿಗಿರುವುದನ್ನು ನಿಷ್ಠೆಯಿಂದ ಅಳೆಯುತ್ತದೆ. ಎದುರಿಗಿರುವುದು 1976ರ ಕಾರೋ, 1976ರ ಕಾರಿನ ಮೇಲೆ ನಲವತ್ತು ವರ್ಷ ನಡೆದ ರಿಪೇರಿಯೋ ಅದಕ್ಕೆ ತಿಳಿಯದು. ಸ್ಕ್ಯಾನ್ ಇಲ್ಲದ ಕಾಲದಲ್ಲೂ ಶ್ರದ್ಧೆ ಕಡಿಮೆ ಇರಲಿಲ್ಲ. ಪೋರ್ಷೆ 934ರ 1/12 ಕಿಟ್‌ಗಾಗಿ ಜಪಾನಿನ ಟಮಿಯಾದವರು ಒಂದು ಪೋರ್ಷೆ 911 ಕೊಂಡು ತಂದು ನಟ್ಟು ಬೋಲ್ಟ್ ಬಿಡದೆ ಬಿಚ್ಚಿ ನೋಡಿದ್ದರು. 1976ರ ಆ ಕಿಟ್ ಇವತ್ತಿಗೂ ಮೇಜಿನ ಮೇಲೆ ತಲೆ ಎತ್ತಿ ನಿಲ್ಲುತ್ತದೆ.

ಹೋಲಿಸಲು ಮೂಲವೇ ಉಳಿಯದ ಕಾರುಗಳೂ ಇವೆ. ಫಿಯೆಟ್ 806 ಗ್ರಾಂಪ್ರಿ ಕಾರನ್ನು ಕಟ್ಟಿದ್ದು ಒಂದೇ ಒಂದು. 1927ರ ಸೆಪ್ಟೆಂಬರ್‌ನಲ್ಲಿ ಮೊಂಜಾದಲ್ಲಿ ಪಿಯೆತ್ರೊ ಬೊರ್ದಿನೊ ಅದರಲ್ಲಿ ಮಿಲಾನ್ ಗ್ರಾಂಪ್ರಿ ಗೆದ್ದರು. ಆಮೇಲೆ ಕಂಪನಿ ರೇಸಿಂಗ್ ಬಿಟ್ಟಿತು, ಕಾರನ್ನೂ ಒಡೆದುಹಾಕಿತು. ಅದರ 1/12 ಕಿಟ್ ಇಟಲೆರಿಯವರಲ್ಲಿ ಸಿಗುತ್ತದೆ, ನೋಡಲು ಬಲು ಚಂದ. ಆ ಕಿಟ್ ಬಗ್ಗೆ ‘ಮೂತಿ ಎರಡು ಮಿ.ಮೀ. ಉದ್ದವಾಯಿತು’ ಎಂದು ವಾದಿಸುವವರ ಧೈರ್ಯಕ್ಕೆ ಕೈ ಮುಗಿಯಬೇಕು.

ನಿಮ್ಮ ಎಂ23ಗೆ ಬರೋಣ. ಕಾರು, ದಿನ ಎಂದೆನಲ್ಲ, ಅದಕ್ಕೆ 1976ಕ್ಕಿಂತ ಒಳ್ಳೆಯ ವರ್ಷ ಇಲ್ಲ. ವರ್ಷದ ಮೊದಲ ಓಟಗಳಲ್ಲಿ ಹಂಟ್ ಕಾರಿನ ತಲೆಯ ಮೇಲೆ ಎತ್ತರದ ಏರ್‌ಬಾಕ್ಸ್ (ಎಂಜಿನ್ನಿಗೆ ಗಾಳಿ ಒಯ್ಯುವ ಗೂಡು) ಇತ್ತು. ಮೇ 2ರ ಸ್ಪೇನ್ ಗ್ರಾಂಪ್ರಿಯಿಂದ ಹೊಸ ನಿಯಮ ಜಾರಿಗೆ ಬಂದು ಎತ್ತರದ ಏರ್‌ಬಾಕ್ಸ್‌ಗಳೆಲ್ಲ ಮಾಯವಾದವು. ಕಾರಿನ ಅಗಲಕ್ಕೂ 215 ಸೆಂ.ಮೀ. ಮಿತಿ ಬಂತು. ಆ ಓಟ ನಡೆದ ಖರಾಮಾದಲ್ಲಿ ಹಂಟ್ ಗೆದ್ದರು. ಓಟ ಮುಗಿದ ಮೇಲೆ ಅಳೆದರೆ ಹಿಂದಿನ ಟೈರುಗಳ ಉಬ್ಬಿನಲ್ಲಿ ಕಾರು 1.8 ಸೆಂ.ಮೀ. ಹೆಚ್ಚು ಅಗಲ ಇತ್ತು. ಗೆಲುವು ರದ್ದಾಯಿತು. ಜುಲೈನಲ್ಲಿ ಮೇಲ್ಮನವಿಯ ನಂತರ ಮರಳಿ ಸಿಕ್ಕಿತು. ಅಷ್ಟರಲ್ಲಿ ತಂಡ ಕಾರಿನ ಅಗಲ ಕಡಿಮೆ ಮಾಡಿ ಆಯಿಲ್ ಕೂಲರ್‌ಗಳ ಜಾಗವನ್ನೂ ಬದಲಿಸಿತ್ತು. ಕಾರು ಇದ್ದಕ್ಕಿದ್ದಂತೆ ನಿಧಾನವಾಯಿತು, ಕಾರಣ ಗೊತ್ತಾಗದೆ ಬೆಲ್ಜಿಯಂ, ಮೊನಾಕೊ, ಸ್ವೀಡನ್ ಮೂರೂ ಕೈತಪ್ಪಿದವು. ಕೂಲರ್‌ಗಳನ್ನು ಮೊದಲಿನ ಜಾಗಕ್ಕೆ ತಂದ ಮೇಲೆ ಫ್ರಾನ್ಸಿನ ಪೋಲ್ ರಿಕಾರ್‌ನಲ್ಲಿ ಮತ್ತೆ ಗೆಲುವು.

ಒಂದು ಚಾಂಪಿಯನ್‌ಷಿಪ್ಪಿನ ಲೆಕ್ಕವನ್ನೇ ಅಲುಗಾಡಿಸಿದ ಆ 1.8 ಸೆಂ.ಮೀ. ನಿಮ್ಮ 1/20 ಕಿಟ್‌ನಲ್ಲಿ 0.9 ಮಿ.ಮೀ. 1/43ರಲ್ಲಾದರೆ 0.42. ಆಕ್ಸಲ್ ತುದಿಯಲ್ಲಿ ಒಂದು ಹನಿ ಅಂಟು ಹೆಚ್ಚಾದರೂ ಅಷ್ಟು ವ್ಯತ್ಯಾಸ ಬರುತ್ತದೆ. ಹಾಗಾಗಿ ಕಿಟ್‌ನ ಅಗಲ 107.5 ಇದೆಯೋ 108.4 ಇದೆಯೋ ಎಂದು ಕೂದಲು ಸೀಳುವುದಕ್ಕಿಂತ, ಆಯಿಲ್ ಕೂಲರ್ ಎಲ್ಲಿದೆ, ಏರ್‌ಬಾಕ್ಸ್ ಯಾವುದು, ಟೈರು ಯಾವುದು ಎಂದು ನೋಡಿ. ಈ ಮೂರು ಒಂದೇ ಓಟಕ್ಕೆ ಸೇರಿದ್ದರೆ ಕಿಟ್ ಸರಿ. ಮೊದಲ ತಿಂಗಳುಗಳ ಏರ್‌ಬಾಕ್ಸ್, ಬೇಸಿಗೆಯ ರೆಕ್ಕೆ, ಅಕ್ಟೋಬರ್‌ನ ಜಾಹೀರಾತುಗಳು ಒಂದೇ ಬಾಡಿಯ ಮೇಲೆ ಕೂತಿದ್ದರೆ ಪ್ರತಿ ಭಾಗ ಮೈಕ್ರಾನ್ ಮಟ್ಟಕ್ಕೆ ಸರಿಯಿದ್ದರೂ ಆ ಕಾರು ಯಾವತ್ತೂ ಎಲ್ಲೂ ಓಡಿದ್ದಲ್ಲ. ನನ್ನ ಮಟ್ಟಿಗೆ ಕಿಟ್‌ಗಳ ದೊಡ್ಡ ತಪ್ಪು ಇದೇ. ವರ್ನಿಯರ್‌ಗೆ ಇದು ಸಿಗುವುದಿಲ್ಲ.

ಅಚ್ಚಿನ ಕಟ್ಟುಪಾಡುಗಳಿಂದ ಬರುವ ತಪ್ಪುಗಳು ಬೇರೆ, ಅವಕ್ಕೆ ಯಾರನ್ನೂ ಬೈಯುವಂತಿಲ್ಲ. ಪೀಣ್ಯದ ಟೂಲ್ ರೂಮುಗಳಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಹೇಳುತ್ತಾರೆ: ಅಚ್ಚಿನಿಂದ ಭಾಗ ಸಲೀಸಾಗಿ ಹೊರಬರಬೇಕಾದರೆ ಗೋಡೆಗಳಿಗೆ ಕೊಂಚ ಓರೆ ಕೊಡಲೇಬೇಕು, ಪ್ಲಾಸ್ಟಿಕ್ ಹರಿದು ತುಂಬಬೇಕಾದರೆ ಒಂದು ಮಟ್ಟದ ದಪ್ಪ ಇರಲೇಬೇಕು. ಬಾಡಿಯ ಗೋಡೆ 1 ಮಿ.ಮೀ. ಎಂದುಕೊಳ್ಳಿ, 1/24ರಲ್ಲಿ ಅದು 24 ಮಿ.ಮೀ. ದಪ್ಪದ ಗೋಡೆ. 917ರ ಫೈಬರ್‌ಗ್ಲಾಸ್ ಮೈ ಕೆಲವೇ ಮಿಲಿಮೀಟರಿನದು. ಚಕ್ರದ ಮೇಲಿನ ಕಮಾನು, ಗಾಳಿಕಿಂಡಿಗಳ ಬಾಯಿ, ಬಾಲದ ಹಿಂದಿನ ಅಂಚು, ಇಲ್ಲೆಲ್ಲ ದಪ್ಪ ಎದ್ದು ಕಾಣುತ್ತದೆ. ಕಾರು ಆಟಿಕೆಯಂತೆ ತೋರಲು ಮುಕ್ಕಾಲು ಪಾಲು ಕಾರಣ ಇದೇ. ಒಳಗಿನಿಂದ, ಅಂಚಿನ ಹತ್ತಿರ ಮಾತ್ರ, ಮರಳು ಕಾಗದದಲ್ಲಿ ಉಜ್ಜಿ ತೆಳ್ಳಗೆ ಮಾಡಿ. ಹೊರ ಆಕಾರ ಮುಟ್ಟಬೇಡಿ.

ತಂತಿ ಕಡ್ಡಿಗಳ ಚಕ್ರ ಇದಕ್ಕಿಂತ ಕಷ್ಟ. ಮಸೆರಾಟಿ 250ಎಫ್‌ನಂಥ ಐವತ್ತರ ದಶಕದ ಕಾರಿನ ಕಡ್ಡಿಯನ್ನು 1/24ಕ್ಕೆ ಇಳಿಸಿದರೆ ಕೂದಲಿನಷ್ಟಾಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಅದನ್ನು ಎರಕ ಹೊಯ್ಯಲಾಗದು. ಫೋಟೋ ಎಚ್ ಮಾಡಿದ (ರಾಸಾಯನಿಕದಿಂದ ಕೊರೆದ) ಲೋಹದ ತಗಡೋ, ಕೈಯಲ್ಲಿ ಹೆಣೆದ ತಂತಿಯೋ ಬೇಕು. ಬುಗಾಟಿ ಟೈಪ್ 35 ಇಲ್ಲಿ ಮಾಡೆಲ್ ಕಟ್ಟುವವರ ಪಾಲಿಗೆ ವರ. ಅದರ ಚಕ್ರಗಳೇ ಅಲ್ಯುಮಿನಿಯಂ ಎರಕದವು, ಎಂಟು ಚಪ್ಪಟೆ ಕಡ್ಡಿಗಳು.

ಎಡಬಲಗಳ ಹೊಂದಾಣಿಕೆ ಇನ್ನೊಂದು ವಿಷಯ. 1962ರಿಂದ 64ರ ನಡುವೆ ತಯಾರಾದ 36 ಫೆರಾರಿ 250 ಜಿಟಿಒಗಳ ಮೈಯನ್ನು ಸುತ್ತಿಗೆಯಲ್ಲಿ ಬಡಿದು ರೂಪಿಸಿದ್ದು. ಒಂದರಂತೆ ಇನ್ನೊಂದಿಲ್ಲ, ಒಂದೇ ಕಾರಿನ ಎಡಗಡೆಯಂತೆ ಬಲಗಡೆಯೂ ಇಲ್ಲ. ಇಂದಿನ ಕಂಪ್ಯೂಟರ್ ವಿನ್ಯಾಸಗಾರರು ಸಾಮಾನ್ಯವಾಗಿ ಅರ್ಧ ಬರೆದು ಕನ್ನಡಿ ಹಿಡಿಯುತ್ತಾರೆ. ಹಿಂದೆ ದೊಡ್ಡ ಮರದ ಮಾದರಿ ಕೆತ್ತಿ ಪ್ಯಾಂಟೋಗ್ರಾಫ್‌ನಿಂದ (ಆಕಾರವನ್ನು ಅಳತೆ ಇಳಿಸಿ ನಕಲು ಮಾಡುವ ಯಂತ್ರ) ಉಕ್ಕಿನ ಅಚ್ಚಿಗೆ ಇಳಿಸುತ್ತಿದ್ದಾಗ ಕೆತ್ತಿದವನ ಕೈಯ ಓರೆಕೋರೆ ಅಚ್ಚಿಗೂ ಬರುತ್ತಿತ್ತು. ವಿಚಿತ್ರವೆಂದರೆ ಕೆಲವೊಮ್ಮೆ ಆ ಹಳೆಯ ಕಿಟ್‌ಗಳೇ ಹೆಚ್ಚು ಜೀವಂತವಾಗಿ ಕಾಣುತ್ತವೆ. ಇಟಲಿಯ ಪ್ರೊಟಾರ್ ಕಂಪನಿಯನ್ನು ಕಟ್ಟಿದ್ದು ತಾರ್ಕ್ವಿನಿಯೊ ಪ್ರೊವಿನಿ, ಮೋಟಾರ್‌ಸೈಕಲ್ ರೇಸಿನ ವಿಶ್ವ ಚಾಂಪಿಯನ್. ಅವರ 1/12 ಕಿಟ್‌ಗಳ ಭಾಗಗಳು ಒಂದಕ್ಕೊಂದು ಕೂರಬೇಕಾದರೆ ಹರಸಾಹಸ ಪಡಬೇಕು, ಆದರೆ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಬಲ್ಲವರು ಮಾಡಿದ್ದು ಎಂಬುದು ಕಂಡೇ ಕಾಣುತ್ತದೆ.

ಫೋಟೋ ಜೊತೆ ಹೋಲಿಸುವ ಬಗೆ ಹೇಳದಿದ್ದರೆ ಮೇಲಿನದೆಲ್ಲ ವ್ಯರ್ಥ. ಪರ್ಸ್‌ಪೆಕ್ಟಿವ್ ನಿರ್ಧಾರವಾಗುವುದು ಲೆನ್ಸ್‌ನಿಂದಲ್ಲ, ದೂರದಿಂದ. ಮ್ಯೂಸಿಯಂನಲ್ಲಿ 6 ಮೀಟರ್ ದೂರದಿಂದ ತೆಗೆದ ಚಿತ್ರಕ್ಕೆ ಸರಿಸಾಟಿ ಬೇಕೆಂದರೆ 1/24 ಮಾಡೆಲನ್ನು 25 ಸೆಂ.ಮೀ. ದೂರದಿಂದ ತೆಗೆಯಬೇಕು. ಟ್ರ್ಯಾಕ್ ಬದಿಯಿಂದ ಟೆಲಿ ಲೆನ್ಸ್‌ನಲ್ಲಿ 50 ಮೀಟರ್ ದೂರದಿಂದ ತೆಗೆದದ್ದಾದರೆ ನೀವು ಮಾಡೆಲಿನಿಂದ ಎರಡು ಮೀಟರ್ ಹಿಂದೆ ಸರಿದು, ಜೂಮ್ ಮಾಡಿ ತೆಗೆಯಬೇಕು. ಮೊಬೈಲನ್ನು ಮೂತಿಯ ಹತ್ತಿರ ಒಯ್ದು ಕ್ಲಿಕ್ಕಿಸಿ ‘ಮೂತಿ ದಪ್ಪ, ಬಾಲ ಸಣ್ಣ’ ಎಂದು ಬರೆಯುವ ವಿಮರ್ಶೆಗಳಲ್ಲಿ ತಪ್ಪು ಇರುವುದು ಮೊಬೈಲ್ ಹಿಡಿದ ಜಾಗದಲ್ಲಿ. ಕ್ಯಾಮೆರಾದ ಎತ್ತರವನ್ನೂ ಸ್ಕೇಲಿಗೆ ಇಳಿಸಿ: ನಿಂತ ಮನುಷ್ಯನ ಕಣ್ಣು 160 ಸೆಂ.ಮೀ. ಎತ್ತರದಲ್ಲಿದ್ದರೆ 1/20ರಲ್ಲಿ 8 ಸೆಂ.ಮೀ.

ಹೀಗೆ ಹೋಲಿಸಿದಾಗ ಮೊದಲು ಕಣ್ಣಿಗೆ ಬೀಳುವುದು ಕಾರು ನೆಲದಿಂದ ಎಷ್ಟು ಎತ್ತರದಲ್ಲಿ ನಿಂತಿದೆ ಎನ್ನುವುದು. ಓಟದ ಆರಂಭದಲ್ಲಿ ಟ್ಯಾಂಕ್ ತುಂಬ ಇಂಧನ, ಒಳಗೆ ಚಾಲಕ, ಕಾರು ತಗ್ಗಿರುತ್ತದೆ. ಮ್ಯೂಸಿಯಂನಲ್ಲಿ ಖಾಲಿ ಕಾರು ಎದ್ದು ನಿಂತಿರುತ್ತದೆ, ಕಿಟ್‌ಗಳೂ ಬಹುಪಾಲು ಹಾಗೇ ನಿಲ್ಲುತ್ತವೆ. 1/20ರಲ್ಲಿ ಒಂದು ಮಿ.ಮೀ. ತಗ್ಗಿಸಿದರೆ ಇಡೀ ಕಾರಿನ ಭಾವವೇ ಬದಲಾಗುತ್ತದೆ. ವೀಲ್‌ಬೇಸಿನ ಒಂದು ಮಿ.ಮೀ. ಯಾರಿಗೂ ಕಾಣದು, ಇದು ಎಲ್ಲರಿಗೂ ಕಾಣುತ್ತದೆ.

ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಎಂ23 ಕಟ್ಟುವವರಿಗೆ ಒಂದು ಮಾತು. ಆ ಕಾರಿನ ಕೆಂಪು ಪ್ರಾಯೋಜಕರಾದ ಮಾರ್ಲ್‌ಬರೊದವರ ಸಿಗರೇಟು ಪೆಟ್ಟಿಗೆಯ ಕೆಂಪಲ್ಲ, ಕಿತ್ತಳೆಯತ್ತ ವಾಲುವ ಫ್ಲೋರೊಸೆಂಟ್ ಕೆಂಪು. ಫ್ಲೋರೊಸೆಂಟ್ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಫಿಲ್ಮಿನಲ್ಲಿ ಸರಿಯಾಗಿ ಮೂಡುವುದೂ ಇಲ್ಲ. ಹಾಗಾಗಿ ಹಳೆಯ ಚಿತ್ರ ನೋಡಿ ಡಬ್ಬಿ ಆರಿಸಬೇಡಿ. ಬಿಳಿ ತಳಬಣ್ಣದ ಮೇಲೇ ಹೊಡೆಯಿರಿ. ಸಿಗರೇಟು ಹೆಸರುಗಳನ್ನು ಈಗಿನ ಕಿಟ್‌ಗಳ ಡಿಕಾಲ್ ಹಾಳೆಯಲ್ಲಿ ಕೊಡುವುದಿಲ್ಲ, ಬೇರೆ ತಯಾರಕರ ಹಾಳೆ ಕೊಳ್ಳಬೇಕಾಗುತ್ತದೆ. ಕ್ಲಿಯರ್ ಲ್ಯಾಕರ್ ಮಾತ್ರ ಹಿಡಿತದಲ್ಲಿರಲಿ. 0.1 ಮಿ.ಮೀ. ಪದರ 1/20ರಲ್ಲಿ 2 ಮಿ.ಮೀ. ದಪ್ಪದ ಬಣ್ಣ ಬಳಿದಂತೆ. ಕನ್ನಡಿಯಂಥ ಹೊಳಪು ಸ್ಪರ್ಧೆಯ ತೀರ್ಪುಗಾರರಿಗೆ ಪ್ರಿಯ ಇರಬಹುದು, 1976ರ ಯಾವ ಮೆಕಾನಿಕ್ಕಿಗೂ ಅದಕ್ಕೆ ಪುರುಸೊತ್ತಿರಲಿಲ್ಲ.

ಹಾಗಾದರೆ ಏನು ಮಾಡಬೇಕು? 917ರ ವೀಲ್‌ಬೇಸ್ ಮುಟ್ಟಬೇಡಿ. ಅರ್ಧ ಮಿ.ಮೀ.ಗಾಗಿ ಷಾಸಿ ಕತ್ತರಿಸಿದರೆ ಚಕ್ರ ಕಮಾನಿನ ನಡುವೆ ನಿಲ್ಲದೆ ಹೊಸ ತಾಪತ್ರಯ ಶುರುವಾಗುತ್ತದೆ. ಡಿಕಾಲ್ ಹಾಳೆಯ ಸಂಖ್ಯೆ ನೋಡಿ ಯಾವ ಓಟ ಎಂದು ಗೊತ್ತುಮಾಡಿಕೊಳ್ಳಿ, ಆ ವಾರಾಂತ್ಯದಲ್ಲಿ ತೆಗೆದ ಕಪ್ಪುಬಿಳುಪು ಚಿತ್ರಗಳನ್ನೇ ಹುಡುಕಿ, ಛಾವಣಿಯ ಕಿಂಡಿ ಮತ್ತು ಬಾಲದ ರೆಕ್ಕೆಗಳ ವಿಷಯ ಅದರಂತೆ ತೀರ್ಮಾನಿಸಿ.

ಎಂ23ರಲ್ಲಿ ಹಿಂದಿನ ರೆಕ್ಕೆಯ ಪಕ್ಕದ ತಟ್ಟೆಗಳನ್ನು ಬಿಸಾಡಿ, ತಂಪು ಪಾನೀಯದ ಅಲ್ಯುಮಿನಿಯಂ ಡಬ್ಬಿ ಕತ್ತರಿಸಿ ಹೊಸದು ಮಾಡಿಕೊಳ್ಳಿ. ಡಬ್ಬಿಯ ಗೋಡೆ ಸುಮಾರು 0.1 ಮಿ.ಮೀ., ಸ್ಕೇಲಿನಲ್ಲಿ 2 ಮಿ.ಮೀ. ತಗಡು, ಮೂಲಕ್ಕೆ ಹತ್ತಿರ. ಕಾರನ್ನು ಒಂದು ಮಿ.ಮೀ. ತಗ್ಗಿಸಿ. ಓಟ ಆರಿಸುವ ಸ್ವಾತಂತ್ರ್ಯ ನಿಮಗಿದ್ದರೆ ಅಕ್ಟೋಬರ್ 24ರ ಜಪಾನಿನ ಫ್ಯೂಜಿ ಆರಿಸಿ, ಹಂಟ್ ಮೂರನೆಯವರಾಗಿ ಬಂದು ಎದುರಾಳಿ ನಿಕಿ ಲೌಡಾಗಿಂತ ಒಂದೇ ಅಂಕ ಹೆಚ್ಚು ಪಡೆದು ಚಾಂಪಿಯನ್ ಆದ ದಿನ. ಅಂದು ಮಳೆಯಲ್ಲೇ ಓಟ ಶುರುವಾಗಿದ್ದು, ಆದ್ದರಿಂದ ಕಿಟ್‌ನ ನುಣುಪು ಟೈರುಗಳನ್ನು ಬದಿಗಿಟ್ಟು ಗೀರುಗಳಿರುವ ಮಳೆ ಟೈರುಗಳ ಜೋಡಿಯನ್ನು ಬೇರೆಯಾಗಿ ತರಿಸಿಕೊಳ್ಳಬೇಕಾಗುತ್ತದೆ. ತರಿಸುವಾಗ ಹಿಂದಿನ ಟೈರಿನ ಒಳವ್ಯಾಸ ಕೇಳಿ ತಿಳಿದುಕೊಳ್ಳಿ, ಏಣಿನ ಹೊರ ಅಳತೆಯನ್ನಲ್ಲ.